ಹಳೆಯ ಆಡಿ ಟಿಟಿ ಕಾರು ಲೀಟರಿಗೆ ಊರೊಳಗೆ 7 ಕಿಮೀ, ಹೈವೇಯಲ್ಲಿ 12 ಕೊಡುತ್ತಿದೆ. ಇದು ಸರೀನಾ, ಗಾಡಿಯಲ್ಲಿ ಏನಾದರೂ ದೋಷ ಇದೆಯಾ?

ಕೋಟೆ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಬೆಂಗಳೂರಿನಿಂದ 2016ರ ಆಡಿ ಟಿಟಿ ತಂದಿದ್ದೇನೆ. ಸೆಕೆಂಡ್ ಹ್ಯಾಂಡ್. 41 ಸಾವಿರ ಕಿಮೀ ಓಡಿದೆ. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಎಚ್‌ಪಿ, ಕ್ವಾಟ್ರೊ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ. ಕಾಲೇಜಿನಲ್ಲಿದ್ದಾಗಿನಿಂದ ಈ ಗಾಡಿಯ ಮೇಲೆ ಆಸೆ ಇತ್ತು, ಹತ್ತು ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದು, ಹಾಗಾಗಿ ಅದರ ಬಗ್ಗೆ ಒಂದು ಸಣ್ಣ ಅನುಮಾನ ಬಂದರೂ ಅದೇ ತಲೆಯಲ್ಲಿ ಕೊರೆಯುತ್ತಾ ಇರುತ್ತದೆ.

ವಿಷಯ ಮೈಲೇಜ್‌ದು. ಸ್ಪೋರ್ಟ್ಸ್ ಕಾರ್ ತಗೊಂಡವನು ಮೈಲೇಜ್ ಯಾಕೆ ಕೇಳಬೇಕು ಅಂತ ಕೆಲವರು ಹೇಳುತ್ತಾರೆ. ನನಗೆ ಪೆಟ್ರೋಲ್ ದುಡ್ಡಿನ ಚಿಂತೆ ಅಷ್ಟಿಲ್ಲ. ಆದರೆ ಎಂಜಿನ್ ಆರೋಗ್ಯವಾಗಿದೆಯಾ ಅಂತ ತಿಳಿಯೋಕೆ ಅದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಇದನ್ನು ನನಗೆ ಕಲಿಸಿದ್ದು ಅಪ್ಪ. ನಮ್ಮದು ಜೀನ್ಸ್ ಹೊಲಿಯುವ ಘಟಕ, ಕೌಲ್ ಬಜಾರ್ ಹತ್ತಿರ. ಮಾಲು ಸಾಗಿಸೋ ಟೆಂಪೊಗೆ ಅಪ್ಪ ಇಪ್ಪತ್ತು ವರ್ಷದಿಂದ ಒಂದು ಪುಸ್ತಕ ಇಟ್ಟಿದ್ದಾರೆ. ಉದ್ದನೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ತಾರೀಖು, ಕಿಮೀ, ಲೀಟರ್, ರೂಪಾಯಿ, ಕೊನೆಯಲ್ಲಿ ಆವರೇಜ್. ಆವರೇಜ್ ಒಂದು ಕಿಮೀ ಕಡಿಮೆಯಾದರೂ ಸಾಕು, ಡ್ರೈವರ್‌ನ ಕೂರಿಸಿಕೊಂಡು ಬ್ರೇಕ್ ಹಿಡಿಯುತ್ತಿದೆಯಾ, ನಾಜಲ್ ಹೋಗಿದೆಯಾ ಅಂತ ಕೇಳುತ್ತಾರೆ. ಎಷ್ಟೋ ಸಲ ಅವರು ಹೇಳಿದ್ದೇ ನಿಜ ಆಗಿದೆ. ಹೋದ ವಾರ ಊಟಕ್ಕೆ ಕೂತಾಗ ನನ್ನನ್ನೂ ಕೇಳಿದರು: "ಎಷ್ಟು ಕೊಡ್ತೈತಪಾ ನಿನ್ ಗಾಡಿ?"

ನಾನು ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದ್ದು ಹೀಗೆ. ಪೂರ್ತಿ ಊರೊಳಗೆ ಓಡಿಸಿದ ಒಂದು ಟ್ಯಾಂಕ್: 277 ಕಿಮೀ, 39 ಲೀಟರ್. ಅಂದರೆ 7.1. ಗಾಡಿಯ ಪರದೆ ಮಾತ್ರ 7.8 ತೋರಿಸುತ್ತಿತ್ತು. ಆಮೇಲೆ ಹೊಸಪೇಟೆ, ಕೊಪ್ಪಳ ಎರಡು ಸಲ ಹೋಗಿ ಬಂದದ್ದು: 390 ಕಿಮೀ, 32 ಲೀಟರ್. 12.2 ಬಂತು. ಪರದೆಯಲ್ಲಿ 13.1 ಇತ್ತು. ಕಂಪನಿ ಹೇಳಿದ್ದು 14ರ ಆಸುಪಾಸು ಅಂತ ಓದಿದ್ದೇನೆ.

ಓಡಾಟ ಹೇಗಂದರೆ, ಗಾಂಧಿನಗರದ ಮನೆಯಿಂದ ಘಟಕಕ್ಕೆ 4 ಕಿಮೀ. ಬೆಳಗ್ಗೆ ಹೋಗಿ, ಮಧ್ಯಾಹ್ನ ಊಟಕ್ಕೆ ಬಂದು, ಮತ್ತೆ ಹೋಗಿ, ಸಂಜೆ ವಾಪಸ್. ರಾಯಲ್ ಸರ್ಕಲ್ ಹತ್ತಿರ ಸಿಗ್ನಲ್, ಆಮೇಲೆ ಬಜಾರಿನ ಗದ್ದಲ. ಎಸಿ ಯಾವಾಗಲೂ ಆನ್, ಬಳ್ಳಾರಿ ಬಿಸಿಲು ನಿಮಗೆಲ್ಲ ಗೊತ್ತೇ ಇದೆ. ತಿಂಗಳಿಗೆ 600 ಕಿಮೀ ಆಗಬಹುದು. ಹೈವೇಯಲ್ಲಿ 100ರಿಂದ 110ರಲ್ಲಿ ಹೋಗುತ್ತೇನೆ. ಎಂಜಿನ್ ಆಯಿಲ್, ಏರ್ ಫಿಲ್ಟರ್, ಪ್ಲಗ್ ಎಲ್ಲ ಹೊಸದು. ಎಚ್ಚರಿಕೆ ದೀಪ ಯಾವುದೂ ಇಲ್ಲ. ಪಿಕಪ್ ಚೆನ್ನಾಗಿದೆ. ಸ್ಪೀಡೊಮೀಟರ್ ಕೂಡ ಬಹಳ ನಿಖರ, 100 ತೋರಿಸಿದಾಗ ಫೋನಿನ ಜಿಪಿಎಸ್‌ನಲ್ಲೂ ಸರಿಯಾಗಿ 100 ಬರುತ್ತದೆ. ಟೈರ್ ನಾಲ್ಕೂ ಹೊಸತು ಅಂತಲೇ ಹೇಳಬಹುದು, ಹಿಂದಿನ ಮಾಲೀಕರು ಮಾರುವ ಮುಂಚೆ ಹಾಕಿಸಿದ್ದು.

ಇಂಥ ಗಾಡಿ ಇಟ್ಟುಕೊಂಡವರು ನಮ್ಮ ಕಡೆ ಯಾರಾದರೂ ಇದ್ದರೆ ನಿಮ್ಮ ಲೆಕ್ಕ ಹೇಳಿ. 7 ಅನ್ನೋದು ಸರೀನಾ, ಇಲ್ಲ ಗಾಡಿಯನ್ನು ಬಿಚ್ಚಿಸಿ ನೋಡಬೇಕಾ?

ಕೊಪ್ಪಳ_ದಾರಿ

ಮೊದಲು ಗಾಡಿಗೆ ಅಭಿನಂದನೆ. ಏನೂ ಬಿಚ್ಚಿಸಬೇಡಿ. ನನ್ನ ಹತ್ತಿರ ಆಕ್ಟೇವಿಯಾ ಆರ್‌ಎಸ್ ಇದೆ, 2017ರದ್ದು. ನಿಮ್ಮದರ ಕುಟುಂಬದ್ದೇ 2 ಲೀಟರ್ ಎಂಜಿನ್, ಅದೂ 230 ಎಚ್‌ಪಿ, ಆದರೆ ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ. ಕೊಪ್ಪಳದ ಒಳಗೆ 8.5 ಬರುತ್ತದೆ, ಹುಬ್ಬಳ್ಳಿ ಕಡೆ ಹೋದಾಗ 14. ನಿಮ್ಮ 7 ಸ್ವಲ್ಪ ಕಡಿಮೆ ಅನಿಸಿದರೂ ನಿಮ್ಮ ಓಡಾಟ ನೋಡಿದರೆ ಗಾಬರಿ ಆಗುವಂಥದ್ದಲ್ಲ.

ನಿಮ್ಮ ಉತ್ತರ ಆ 4 ಕಿಮೀನಲ್ಲೇ ಇದೆ. ಒಂದು ಲೆಕ್ಕ ಹಾಕಿ ನೋಡಿ. ಎಂಜಿನ್ ಪೂರ್ತಿ ಬಿಸಿ ಆಗಿ ಎಲ್ಲೂ ನಿಲ್ಲದೆ ಹೋದರೆ ಊರೊಳಗೆ ಲೀಟರಿಗೆ 10 ಬರುತ್ತದೆ ಅಂದುಕೊಳ್ಳಿ. 4 ಕಿಮೀಗೆ 400 ಎಂಎಲ್. ಈಗ ಸಿಗ್ನಲ್‌ನಲ್ಲಿ, ಬಜಾರಿನಲ್ಲಿ, ಮನೆ ಗೇಟ್ ತೆಗೆಯೋವರೆಗೆ ಎಲ್ಲ ಸೇರಿ 6 ನಿಮಿಷ ನಿಂತಿರಿ. ನಾನು ಎಂಜಿನ್ ಕಂಪ್ಯೂಟರಿನ ಅಂಕಿ ಓದೋ ಓಬಿಡಿ ಸಾಧನ ಹಾಕಿ ನೋಡಿದ್ದೇನೆ, ನನ್ನ ಗಾಡಿ ಎಸಿ ಹಾಕಿಕೊಂಡು ನಿಂತಲ್ಲೇ ಗಂಟೆಗೆ ಹತ್ತಿರ ಹತ್ತಿರ 1 ಲೀಟರ್ ಕುಡಿಯುತ್ತದೆ. 6 ನಿಮಿಷಕ್ಕೆ 100 ಎಂಎಲ್ ಆಯಿತು. ಒಟ್ಟು 500. ಅದೇ 4 ಕಿಮೀ, ಅದೇ ಗಾಡಿ, ಈಗ ಲೀಟರಿಗೆ 8. ಒಂದು ಇಂಚೂ ಜಾಸ್ತಿ ಓಡಿಲ್ಲ. ಇದರ ಮೇಲೆ ಎಂಜಿನ್ ತಣ್ಣಗಿರುವ ಲೆಕ್ಕ ಬೇರೆ.

ಬಳ್ಳಾರಿಯಲ್ಲಿ ಎಂಜಿನ್ ತಣ್ಣಗಿರುತ್ತಾ ಅಂತ ನೀವು ಕೇಳಬಹುದು. ಹೊರಗೆ 40 ಡಿಗ್ರಿ ಇದ್ದರೂ ಎಂಜಿನ್‌ಗೆ ಅದು ತಣ್ಣನೇ. ಕೂಲಂಟ್ 90ರ ಹತ್ತಿರ ಬರಬೇಕು, ಆಯಿಲ್ ಬಿಸಿ ಆಗೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅಲ್ಲಿಯವರೆಗೆ ಆಯಿಲ್ ಗಟ್ಟಿ, ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಗೇರ್‌ಬಾಕ್ಸ್ ಕೂಡ ಬಿಗಿ. ನೀವು ಘಟಕ ಮುಟ್ಟುವ ಹೊತ್ತಿಗೆ ಆಯಿಲ್ ಆಗಷ್ಟೇ ಬಿಸಿ ಆಗಿರುತ್ತದೆ, ನೀವು ಆಫ್ ಮಾಡುತ್ತೀರಿ. ದಿನಕ್ಕೆ ನಾಲ್ಕು ಸಲ ಇದೇ ಕಥೆ. ಒಂದು ದಿನ ಸಂಜೆ ಘಟಕದಿಂದ ನೇರ ಮನೆಗೆ ಹೋಗದೆ ಹೊಸಪೇಟೆ ರಸ್ತೆಯಲ್ಲಿ ಕುಡತಿನಿವರೆಗೆ ಹೋಗಿ ಬನ್ನಿ, ಪರದೆಯ ಅಂಕಿ ಮೊದಲ 5 ಕಿಮೀನಲ್ಲಿ ಎಷ್ಟಿರುತ್ತೆ, 15 ಆದಮೇಲೆ ಎಷ್ಟಾಗುತ್ತೆ ನೋಡಿ. ನಿಮಗೇ ಗೊತ್ತಾಗುತ್ತದೆ.

ಕಂಪನಿಯ 14ರ ಬಗ್ಗೆ. ಅದು ಸುಳ್ಳಲ್ಲ, ಆದರೆ ಅದು ರಸ್ತೆಯ ಮೇಲೆ ಅಳೆದದ್ದೂ ಅಲ್ಲ. ನಮ್ಮ ದೇಶದ ಪರೀಕ್ಷೆಯಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. 1180 ಸೆಕೆಂಡ್, ಅಂದರೆ 20 ನಿಮಿಷಕ್ಕೂ ಕಡಿಮೆ. ವೇಗ 90 ದಾಟೋದಿಲ್ಲ, ಸರಾಸರಿ ವೇಗ ಗಂಟೆಗೆ 32 ಕಿಮೀ ಸುಮಾರು. ಎಸಿ ಆಫ್. ಎಲ್ಲ ಗಾಡಿಗೂ ಒಂದೇ ಪರೀಕ್ಷೆ, ಹಾಗಾಗಿ ಒಂದನ್ನು ಇನ್ನೊಂದರ ಜೊತೆ ಹೋಲಿಸೋಕೆ ಅದು ಒಳ್ಳೆಯದು. ನಿಮ್ಮ ಗಾಂಧಿನಗರ–ಕೌಲ್ ಬಜಾರ್ ಓಡಾಟಕ್ಕೆ ಅದನ್ನು ಹಿಡಿದು ನೋಡಿದರೆ ಸುಮ್ನೆ ಬೇಜಾರು.

ಇನ್ನೊಂದು ಮಾತು. ನಮ್ಮ ಕಡೆ ಮೈಲೇಜ್ ಕಡಿಮೆ ಆಯಿತು ಅಂದ ತಕ್ಷಣ ಏರ್ ಫಿಲ್ಟರ್ ಬದಲಾಯಿಸಿ ಅಂತಾರೆ, ಅದಿರಿನ ಧೂಳು ಅಂತ. ಧೂಳು ನಿಜ, ಫಿಲ್ಟರ್ ಬೇಗ ಕೆಂಪಾಗೋದೂ ನಿಜ, ಬದಲಾಯಿಸಲೇಬೇಕು. ಆದರೆ ಈಗಿನ ಎಂಜಿನ್ ಎಷ್ಟು ಗಾಳಿ ಬಂತು ಅಂತ ಅಳೆದು ಅಷ್ಟಕ್ಕೇ ಪೆಟ್ರೋಲ್ ಬಿಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಹೋಗುತ್ತದೆ, ಮೈಲೇಜ್ ಅಷ್ಟೇನೂ ಬೀಳೋದಿಲ್ಲ. ಕಾರ್ಬುರೇಟರ್ ಕಾಲದ ಮಾತು ಇನ್ನೂ ಓಡುತ್ತಿದೆ ಅಷ್ಟೇ.

ಹೈವೇಯಲ್ಲಿ ನೀವು 110ರಲ್ಲಿ ಹೋಗುತ್ತೀರಿ ಅಂದಿರಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇದ್ದ ತಡೆ 120ರಲ್ಲಿ ಎರಡೂಕಾಲು ಪಟ್ಟು. ಒಂದು ಟ್ಯಾಂಕ್ 90ರಲ್ಲಿ ಓಡಿಸಿ ನೋಡಿ, ಆಮೇಲೆ ಮಾತಾಡೋಣ. ತೋರಣಗಲ್ಲು ಹತ್ತಿರ ಉಕ್ಕಿನ ಕಾರ್ಖಾನೆಯ ಶಿಫ್ಟ್ ಬಿಡೋ ಹೊತ್ತಿಗೆ ಮಾತ್ರ ಹೋಗಬೇಡಿ, ಲೆಕ್ಕ ಕೆಡುತ್ತದೆ.

ಗಂಗಾವತಿ_ವಿ8

ನನ್ನದು ಮಸ್ಟ್ಯಾಂಗ್ ಜಿಟಿ, 5 ಲೀಟರ್ ವಿ8. ಅಕ್ಕಿ ಗಿರಣಿ ನಮ್ಮದು. ಗಂಗಾವತಿ ಒಳಗೆ 5, ಅದೂ ಕಾಲು ಮೆತ್ತಗಿಟ್ಟರೆ. ಸುಗ್ಗಿಯ ಹೊತ್ತಿನಲ್ಲಿ ಭತ್ತದ ಟ್ರಾಕ್ಟರ್‌ಗಳ ಹಿಂದೆ ಸಿಕ್ಕಿಕೊಂಡರೆ 4ಕ್ಕೂ ಇಳಿದಿದೆ. ಹೊಸಪೇಟೆ ದಾಟಿ ಚಿತ್ರದುರ್ಗದ ನಾಲ್ಕು ಪಥದ ರಸ್ತೆ ಹಿಡಿದ ಮೇಲೆ ಆಟವೇ ಬೇರೆ. 90ರಿಂದ 100ರಲ್ಲಿ ಹೋದರೆ 10 ಕೊಡುತ್ತದೆ. ಮೊದಲ ಸಲ ನೋಡಿದಾಗ ನಂಬೋಕಾಗಲಿಲ್ಲ, ಬೆಂಗಳೂರು ಮುಟ್ಟಿ ಟ್ಯಾಂಕ್ ತುಂಬಿಸಿ ಎರಡು ಸಲ ಲೆಕ್ಕ ಹಾಕಿದೆ.

ಕೊಪ್ಪಳದವರು ಪರೀಕ್ಷೆಯ ಬಗ್ಗೆ ಹೇಳಿದ್ದು ಸರಿ. ಅದಕ್ಕೇ ನಾನು ಅಮೆರಿಕದ ಲೇಬಲ್ ನೋಡುತ್ತೇನೆ. ಅಲ್ಲಿ 2008ರ ಮಾಡೆಲ್‌ಗಳಿಂದ ಈಚೆಗೆ ಎಸಿ ಹಾಕಿ ಓಡಿಸೋದು, ಜೋರಾಗಿ ಓಡಿಸೋದು, ಚಳಿಯಲ್ಲಿ ಓಡಿಸೋದು ಎಲ್ಲ ಸೇರಿಸಿ ಅಂಕಿ ಕೊಡುತ್ತಾರೆ. ನನ್ನ ತಲೆಮಾರಿನ ಜಿಟಿಗೆ ಊರೊಳಗೆ ಗ್ಯಾಲನ್‌ಗೆ 15–16 ಮೈಲಿ, ಹೈವೇಯಲ್ಲಿ 24–25 ಮೈಲಿ ಅಂತ ಇದೆ. ನಮ್ಮ ಲೆಕ್ಕಕ್ಕೆ ತಂದರೆ ಆರೂವರೆ ಮತ್ತು ಹತ್ತು ಚಿಲ್ಲರೆ. ಹೈವೇ ಅಂಕಿ ನನಗೆ ಬಂದದ್ದಕ್ಕೆ ಚೆನ್ನಾಗಿ ಹೊಂದುತ್ತದೆ. ಊರೊಳಗಿನದು ಹೊಂದೋದಿಲ್ಲ, ಯಾಕಂದರೆ ಅವರ ಊರು ಬೇರೆ, ನಮ್ಮ ಊರು ಬೇರೆ. ನಮ್ಮಲ್ಲಿ ಎರಡನೇ ಗೇರಿಗೆ ಹಾಕಿದ ತಕ್ಷಣ ಒಂದು ಹಂಪ್ ಬರುತ್ತದೆ. ಗಾಡಿಯನ್ನು ವೇಗಕ್ಕೆ ತರೋಕೆ ಸುಟ್ಟ ಪೆಟ್ರೋಲ್ ಎಲ್ಲ ಬ್ರೇಕ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಭಾರದ ಗಾಡಿಗೆ ಆ ನಷ್ಟ ಇನ್ನೂ ಜಾಸ್ತಿ.

ನಿಮ್ಮ ಟರ್ಬೊ ಎಂಜಿನ್‌ದು ಒಂದು ಗುಣ ಇದೆ, ಅದನ್ನು ತಿಳಿದುಕೊಂಡರೆ ಒಳ್ಳೆಯದು. ಮೆತ್ತಗೆ ಓಡಿಸಿದರೆ ಅದು ಬರೀ 2 ಲೀಟರ್ ಎಂಜಿನ್. ಒತ್ತಿದರೆ ಬೂಸ್ಟ್ ಬರುತ್ತದೆ, ಅಂದರೆ ಟರ್ಬೊ ಜಾಸ್ತಿ ಗಾಳಿ ತುರುಕುತ್ತದೆ, ಆಗ ದೊಡ್ಡ ಎಂಜಿನ್ ಕುಡಿದಷ್ಟೇ ಅದೂ ಕುಡಿಯುತ್ತದೆ. ಪೂರ್ತಿ ಒತ್ತಿ ಹಿಡಿದರೆ ಒಳಗೆ ಬಿಸಿ ತಡೆಯೋಕೆ ಅಂತಲೇ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ನನ್ನ ವಿ8ನಲ್ಲಿ ಮೆತ್ತಗೆ ಓಡಿಸಿದರೂ ಎಂಟು ಸಿಲಿಂಡರ್ ಹೊಟ್ಟೆ ತುಂಬಬೇಕು. ನಿಮ್ಮದರಲ್ಲಿ ಎಲ್ಲ ನಿಮ್ಮ ಬಲಗಾಲಿನ ಕೈಯಲ್ಲಿದೆ ಅಂತ ಹೇಳಬಹುದು. ಒಬ್ಬರಿಗೆ 14, ಇನ್ನೊಬ್ಬರಿಗೆ 9, ಎರಡೂ ಅದೇ ಗಾಡಿ.

ಎಸಿ ಆಫ್ ಮಾಡಿ ಉಳಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಎಸಿ ಇಲ್ಲದೆ ಕಪ್ಪು ಸೀಟಿನ ಮೇಲೆ ಕೂತು ಓಡಿಸೋಕೆ ಆಗುತ್ತಾ? ನೆರಳಲ್ಲಿ ನಿಲ್ಲಿಸಿ, ಹೊರಡುವಾಗ ಎರಡು ನಿಮಿಷ ಕಿಟಕಿ ಇಳಿಸಿ ಒಳಗಿನ ಬಿಸಿಗಾಳಿ ಹೊರಗೆ ಬಿಡಿ, ಆಮೇಲೆ ಎಸಿ ಹಾಕಿ. ಅಷ್ಟು ಸಾಕು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ತಿಂಗಳಿಗೆ 600 ಕಿಮೀ ಅಂದಿರಿ. 7 ಕೊಟ್ಟರೆ 86 ಲೀಟರ್, 9 ಕೊಟ್ಟರೆ 67. ವ್ಯತ್ಯಾಸ 19 ಲೀಟರ್. ಲೀಟರಿಗೆ ನೂರರ ಮೇಲೆ ಅಂದುಕೊಂಡರೂ ತಿಂಗಳಿಗೆ ಎರಡು ಸಾವಿರ. ಆ ಎರಡು ಸಾವಿರಕ್ಕಾಗಿ ಗಾಡಿಯ ಖುಷಿ ಕಳೆದುಕೊಳ್ಳಬೇಡಿ. ಆದರೆ ದೋಷ ಹುಡುಕೋಕೆ ಲೆಕ್ಕ ಇಡೋದು ಸರಿ, ನಿಮ್ಮ ತಂದೆಯವರ ಮಾತು ನೂರಕ್ಕೆ ನೂರು ಸರಿ. ನಮ್ಮ ಗಿರಣಿಯಲ್ಲೂ ಹಾಗೇ ಮಾಡುತ್ತೇವೆ.

ರಾಯಚೂರು_ಕೆಮಿಸ್ಟ್ರಿ

ಪೆಟ್ರೋಲಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಪಾಠ ಮಾಡೋದು ಇದನ್ನೇ.

ನಿಮ್ಮ ಗಾಡಿ 2016ರದ್ದು. ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ನೂರರಲ್ಲಿ 20 ಪಾಲು ಎಥನಾಲ್. ಇದು ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಬಿಡುಗಡೆ ಆದದ್ದು ನಮ್ಮ ಬೆಂಗಳೂರಿನಲ್ಲೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲ್‌ನಲ್ಲಿ ಇರೋದು 21. ಬೆರೆಸಿದಾಗ ಲೀಟರಿಗೆ 29.8 ಬರುತ್ತದೆ. ಶುದ್ಧ ಪೆಟ್ರೋಲಿಗಿಂತ ನೂರಕ್ಕೆ 7 ಕಡಿಮೆ, ಮುಂಚಿನ ಇ10ಗಿಂತ ಮೂರೂವರೆ ಕಡಿಮೆ. ಅಂದರೆ ಹಿಂದೆ 12.6 ಕೊಡುತ್ತಿದ್ದ ಗಾಡಿ ಈಗ 12.2 ಕೊಟ್ಟರೆ ಅದರಲ್ಲಿ ಎಂಜಿನ್ ತಪ್ಪು ಏನೂ ಇಲ್ಲ. ಇಂಧನದಲ್ಲೇ ಶಕ್ತಿ ಅಷ್ಟು ಕಡಿಮೆ. ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಒಮ್ಮೆ ಓದಿ, ಎಷ್ಟು ಎಥನಾಲ್‌ವರೆಗೆ ಹಾಕಬಹುದು, ಎಷ್ಟು ಆಕ್ಟೇನ್ ಬೇಕು ಅಂತ ಬರೆದಿರುತ್ತದೆ. ರಬ್ಬರ್ ಪೈಪುಗಳನ್ನು ಸರ್ವಿಸ್‌ನಲ್ಲಿ ನೋಡಿಸುತ್ತಾ ಇರಿ.

ಆಕ್ಟೇನ್ ಬಗ್ಗೆ ಬಹಳ ಜನರಿಗೆ ತಪ್ಪು ಕಲ್ಪನೆ ಇದೆ. ಆಕ್ಟೇನ್ ಜಾಸ್ತಿ ಅಂದರೆ ಶಕ್ತಿ ಜಾಸ್ತಿ ಅಂತಲ್ಲ. ಹೊತ್ತಿಗೆ ಮುಂಚೆ ಹತ್ತಿಕೊಳ್ಳದೆ ತಡೆಯುವ ಗುಣ ಅದು. ಎಥನಾಲ್‌ನ ಆಕ್ಟೇನ್ ನೂರರ ಮೇಲಿದೆ, ಶಕ್ತಿ ಮಾತ್ರ ಕಡಿಮೆ. ನಿಮ್ಮ ಟರ್ಬೊ ಎಂಜಿನ್‌ಗೆ ಬೇಕಾದಷ್ಟು ಆಕ್ಟೇನ್ ಸಿಗದಿದ್ದರೆ ಅದು ನಾಕಿಂಗ್ (ಹೀಗೆ ಮುಂಚೆಯೇ ಹತ್ತಿಕೊಂಡು ಬಡಿಯೋದು) ಗುರುತಿಸಿ ಸ್ಪಾರ್ಕ್ ತಡವಾಗಿ ಕೊಡುತ್ತದೆ, ಆಗ ಪಿಕಪ್ ಮತ್ತು ಮೈಲೇಜ್ ಎರಡೂ ಬೀಳುತ್ತವೆ. ಬಿಸಿಲಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಬೇಕಾದಷ್ಟು ಸಿಕ್ಕ ಮೇಲೆ 100 ಆಕ್ಟೇನ್ ಹಾಕಿದರೂ ಜಾಸ್ತಿ ಓಡೋದಿಲ್ಲ, ಲೀಟರಿಗೆ ಒಂದೂವರೆ ಪಟ್ಟು ದುಡ್ಡು ಹೋಗುತ್ತದೆ ಅಷ್ಟೇ.

ಬೆಳಗಿನ ಜಾವ ಹಾಕಿಸಿದರೆ ಪೆಟ್ರೋಲ್ ಜಾಸ್ತಿ ಬರುತ್ತದೆ ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಪೆಟ್ರೋಲ್ ಒಂದು ಡಿಗ್ರಿಗೆ ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ, ಅದು ನಿಜ. ಆದರೆ ಬಂಕಿನ ಟ್ಯಾಂಕ್ ಇರೋದು ನೆಲದ ಕೆಳಗೆ. ಮೇಲೆ ಬಿಸಿಲು ಎಷ್ಟೇ ಇದ್ದರೂ ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಂಥ ವ್ಯತ್ಯಾಸ ಇಲ್ಲ. ನಿಮಗೆ ಅನುಕೂಲ ಆದಾಗ ಹಾಕಿಸಿ. ಒಂದೇ ಬಂಕು, ಒಂದೇ ಪಂಪು, ತಾನಾಗೇ ಕಟ್ ಆದ ತಕ್ಷಣ ನಿಲ್ಲಿಸೋದು. ರೌಂಡ್ ಫಿಗರ್ ಮಾಡೋಕೆ ಮೇಲೆ ಇನ್ನಷ್ಟು ತುಂಬಿಸಬೇಡಿ, ಲೆಕ್ಕಕ್ಕೂ ಕೆಟ್ಟದ್ದು, ಗಾಡಿಗೂ ಕೆಟ್ಟದ್ದು.

ಸಿಂಧನೂರು_ಟೈರ್

ಎಲ್ಲರೂ ಎಂಜಿನ್ ಬಗ್ಗೆ ಹೇಳಿದಿರಿ. ನಾನು ಹದಿನೆಂಟು ವರ್ಷದಿಂದ ಟೈರ್ ಅಂಗಡಿ ನಡೆಸುತ್ತಿದ್ದೇನೆ, ನನಗೆ ಕಣ್ಣಿಗೆ ಬಿದ್ದದ್ದು ಒಂದೇ ಸಾಲು. "ಸ್ಪೀಡೊಮೀಟರ್ 100 ತೋರಿಸಿದಾಗ ಜಿಪಿಎಸ್‌ನಲ್ಲೂ 100."

ಅದು ಆಗಬಾರದು. ಕಂಪನಿಯವರು ಸ್ಪೀಡೊಮೀಟರ್‌ನ ಬೇಕಂತಲೇ ಸ್ವಲ್ಪ ಜಾಸ್ತಿ ತೋರಿಸುವಂತೆ ಇಟ್ಟಿರುತ್ತಾರೆ, ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅಂತ ನಿಯಮ ಇದೆ. ಸಾಮಾನ್ಯವಾಗಿ 100 ತೋರಿಸಿದರೆ ಜಿಪಿಎಸ್‌ನಲ್ಲಿ 95, 96, 97 ಹೀಗೆ ಬರುತ್ತದೆ. ಸರಿಯಾಗಿ 100 ಬಂದರೆ ಚಕ್ರ ಅಳತೆಗಿಂತ ದೊಡ್ಡದಾಗಿರಬಹುದು. ಹಿಂದಿನ ಮಾಲೀಕರು ಟೈರ್ ಬದಲಾಯಿಸಿದ್ದಾರೆ ಅಂತ ನೀವೇ ಬರೆದಿದ್ದೀರಿ. ತಗ್ಗಿನ ಗಾಡಿ, ಹಂಪ್ ತಾಗುತ್ತದೆ ಅಂತ ಒಂದು ಅಳತೆ ಮೇಲಿನ ಟೈರ್ ಹಾಕಿಸಿಕೊಳ್ಳೋರನ್ನು ನಾನು ಬಹಳ ನೋಡಿದ್ದೇನೆ.

ಈಗಲೇ ಹೋಗಿ ಟೈರಿನ ಪಕ್ಕದ ಮೇಲಿನ ಅಕ್ಷರ ಓದಿ. ಆಮೇಲೆ ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲಿನ ಸ್ಟಿಕ್ಕರ್ ನೋಡಿ, ಇಲ್ಲ ಟ್ಯಾಂಕ್ ಮುಚ್ಚಳದ ಒಳಗೆ ಇರುತ್ತದೆ. 245/40 ಆರ್18 ಇರಬೇಕಾದ ಕಡೆ 245/45 ಆರ್18 ಇದ್ದರೆ, ಅಂದರೆ ಟೈರಿನ ಪಕ್ಕದ ಗೋಡೆ ಒಂದು ಅಳತೆ ಜಾಸ್ತಿ ಇದ್ದರೆ, ಚಕ್ರದ ಎತ್ತರ 653 ಮಿಮೀ ಇದ್ದದ್ದು 678 ಆಗುತ್ತದೆ. ಹತ್ತಿರ ಹತ್ತಿರ ನೂರಕ್ಕೆ ನಾಲ್ಕು ಜಾಸ್ತಿ. ಗಾಡಿ ಚಕ್ರದ ಸುತ್ತು ಎಣಿಸಿ ಕಿಮೀ ಬರೆಯುತ್ತದೆ. ಚಕ್ರ ದೊಡ್ಡದಾದರೆ ಸುತ್ತು ಕಡಿಮೆ, ಓಡಿದ ದೂರವೂ ಕಡಿಮೆ ಬರೆಯುತ್ತದೆ. ಅಂದರೆ ನೀವು 287 ಓಡಿಸಿ 277 ಅಂತ ಬರೆದುಕೊಂಡಿರಬಹುದು. ಲೀಟರ್ ಸರಿ ಇದೆ, ಕಿಮೀ ತಪ್ಪಿದೆ.

ಹಾಗೇ ಗಾಳಿ. ನಮ್ಮ ಕಡೆ ಎಲ್ಲರೂ ಮಾಡೋ ತಪ್ಪು ಇದು. ಬೇಸಿಗೆಯಲ್ಲಿ ಮಧ್ಯಾಹ್ನ ಐವತ್ತು ಕಿಮೀ ಓಡಿಸಿ ಬಂದು ಗಾಳಿ ನೋಡಿಸುತ್ತಾರೆ. ಬಿಸಿಗೆ 5 ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಗಾಳಿ ಹೊಡೆಯೋ ಹುಡುಗ ಜಾಸ್ತಿ ಇದೆ ಅಂತ ತೆಗೆಯುತ್ತಾನೆ. ರಾತ್ರಿ ಟೈರ್ ತಣ್ಣಗಾದ ಮೇಲೆ ಅದು 28ಕ್ಕೆ ಇಳಿದಿರುತ್ತದೆ, ಮರುದಿನ ಪೂರ್ತಿ ಚಪ್ಪಟೆ ಟೈರ್ ಎಳೆದುಕೊಂಡು ಓಡಾಡುತ್ತೀರಿ. ಬೆಳಗ್ಗೆ ಗಾಡಿ ತೆಗೆಯೋ ಮುಂಚೆ ನೋಡಬೇಕು, ಸ್ಟಿಕ್ಕರಿನಲ್ಲಿ ಬರೆದಷ್ಟು ಇರಬೇಕು. ಸ್ವಂತ ಗೇಜ್ ಒಂದು ಇಟ್ಟುಕೊಳ್ಳಿ.

ಕೊನೆಯದು, ಬ್ರೇಕ್. ನಿಮ್ಮ ತಂದೆ ಡ್ರೈವರ್‌ಗೆ ಕೇಳೋ ಪ್ರಶ್ನೆ ನಿಮಗೂ ಅನ್ವಯ. ಹತ್ತು ಕಿಮೀ ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಧಾನ ನಿಲ್ಲಿಸಿ. ಇಳಿದು ಒಂದೊಂದೇ ಚಕ್ರದ ರಿಮ್ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಎಡ ಬಲ ಒಂದೇ ಥರ ಬಿಸಿ ಇರಬೇಕು. ಒಂದು ಮಾತ್ರ ಝಳ ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಬಿಡದೆ ಹಿಡಿದಿದೆ ಅಂತ ಅರ್ಥ.

ಕೋಟೆ_ಬಳ್ಳಾರಿ

ಇಪ್ಪತ್ತು ದಿನ ಆಯಿತು, ಎಲ್ಲರ ಮಾತು ಒಂದೊಂದೇ ಪರೀಕ್ಷೆ ಮಾಡಿ ಬರೆಯುತ್ತಿದ್ದೇನೆ, ತಡವಾಗಿದ್ದಕ್ಕೆ ಕ್ಷಮಿಸಿ.

ಸಿಂಧನೂರಿನ ಅಣ್ಣ, ನಿಮಗೆ ದೊಡ್ಡ ನಮಸ್ಕಾರ. ನಿಮ್ಮ ಉತ್ತರ ಓದಿದ ರಾತ್ರಿಯೇ ಫೋನಿನ ಬೆಳಕು ಹಿಡಿದು ನೋಡಿದೆ. ಬಾಗಿಲಿನ ಸ್ಟಿಕ್ಕರಿನಲ್ಲಿ 245/40 ಆರ್18. ಟೈರಿನ ಮೇಲೆ 245/45 ಆರ್18. ನಾಲ್ಕೂ ಹಾಗೇ. ಮೂರು ತಿಂಗಳಿಂದ ದಿನಾ ಕಣ್ಣೆದುರು ಇದ್ದ ಅಕ್ಷರ. ಮರುದಿನ ಮುಂದಿನ ಚಕ್ರ ಪೂರ್ತಿ ತಿರುಗಿಸಿ ಒಳಗೆ ಕೈ ಹಾಕಿದರೆ ಕಮಾನಿನ ಒಳಗಿನ ಪ್ಲಾಸ್ಟಿಕ್ ಒಂದು ಕಡೆ ಉಜ್ಜಿ ಉಜ್ಜಿ ಗಾಜಿನ ಹಾಗೆ ನುಣುಪಾಗಿದೆ. ಈ ಟೈರ್ ಹಾಕಿದ ಅಂಗಡಿ ಯಾವುದೋ ಗೊತ್ತಿಲ್ಲ, ಆದರೆ ಹಾಕೋ ಮುಂಚೆ ಒಂದು ಮಾತು ಹೇಳಬೇಕಿತ್ತು ಅನಿಸಿತು.

ದೂರ ಎಷ್ಟು ತಪ್ಪುತ್ತಿದೆ ಅಂತ ನೋಡೋಕೆ ಫೋನಿನಲ್ಲಿ ಜಿಪಿಎಸ್ ಹಾಕಿಕೊಂಡು ಸಿರುಗುಪ್ಪ ಹೋಗಿ ಬಂದೆ, ಆಮೇಲೆ ಊರ ಹೊರಗೆ ಸ್ವಲ್ಪ ಓಡಿಸಿ ಸರಿಯಾಗಿ 120 ಮಾಡಿದೆ. ಗಾಡಿ ಬರೆದದ್ದು 115.7. ನೂರಕ್ಕೆ ಸುಮಾರು ಮೂರೂಮುಕ್ಕಾಲು, ನೀವು ಹೇಳಿದ ಲೆಕ್ಕಕ್ಕೆ ಕೂಡಿ ಬಂತು. ಅಂದರೆ ನನ್ನ ಹಳೆಯ 7.1 ನಿಜಕ್ಕೂ 7.4, 12.2 ನಿಜಕ್ಕೂ 12.6.

ಗಾಳಿ ಬೆಳಗ್ಗೆ ನೋಡಿದೆ. ಮುಂದೆ 28, ಹಿಂದೆ 27. ನೀವು ಬರೆದ ಹಾಗೇ, ಹೊಸಪೇಟೆಯಿಂದ ಬಂದ ಮಧ್ಯಾಹ್ನ ನೋಡಿಸಿ ತೆಗೆಸಿದ್ದೆ. ಸ್ಟಿಕ್ಕರಿನಲ್ಲಿ ಇದ್ದಷ್ಟು ಹೊಡೆಸಿದ ಮೇಲೆ ಸ್ಟೀರಿಂಗೇ ಹಗುರಾಯಿತು. ಬ್ರೇಕ್ ನಾಲ್ಕೂ ಒಂದೇ ಥರ ಬಿಸಿ, ಅಲ್ಲಿ ಏನೂ ತೊಂದರೆ ಇಲ್ಲ.

ಕೊಪ್ಪಳದವರು ಹೇಳಿದ ಕುಡತಿನಿ ಪರೀಕ್ಷೆ ನನ್ನ ಕಣ್ಣು ತೆರೆಸಿತು. ಸಂಜೆ ಹೊರಟೆ. ಮೊದಲ 5 ಕಿಮೀ ದಾಟುವಾಗ ಪರದೆಯಲ್ಲಿ 6.4. ಊರು ದಾಟಿ, ಎಂಜಿನ್ ಬಿಸಿಯಾಗಿ, ಥರ್ಮಲ್ ಕೇಂದ್ರದ ಚಿಮಣಿ ಕಾಣೋ ಹೊತ್ತಿಗೆ ಅದೇ ಅಂಕಿ 11ಕ್ಕೆ ಬಂದಿತ್ತು. ವಾಪಸ್ ಬರುವಾಗ ಬಿಸಿ ಎಂಜಿನ್‌ನಲ್ಲಿ ಅದೇ ಊರೊಳಗಿನ 5 ಕಿಮೀಗೆ 8.9. ರಸ್ತೆ ಅದೇ, ಗದ್ದಲ ಅದೇ. ಅವತ್ತಿನಿಂದ ಊಟಕ್ಕೆ ಬರುವಾಗ ಅಪ್ಪನ ಸ್ಕೂಟರ್ ತಗೊಂಡು ಬರುತ್ತಿದ್ದೇನೆ, ಟಿಟಿ ಬೆಳಗ್ಗೆ ಮತ್ತು ಸಂಜೆ ಮಾತ್ರ. ಬ್ಯಾಂಕು, ಬಟ್ಟೆ ಅಂಗಡಿ ಕೆಲಸ ಎಲ್ಲ ಒಂದೇ ಸುತ್ತಿನಲ್ಲಿ ಮುಗಿಸುತ್ತೇನೆ.

ಹೋದ ಟ್ಯಾಂಕ್ ಪೂರ್ತಿ ಊರೊಳಗೆ, ದೂರ ಸರಿಪಡಿಸಿದ ಮೇಲೆ 8.3. ಮೊನ್ನೆ ಭಾನುವಾರ ಅಪ್ಪ ಅಮ್ಮನ್ನ ಬಿಟ್ಟು ಒಬ್ಬನೇ ಚಿತ್ರದುರ್ಗಕ್ಕೆ ಹೋಗಿ ಬಂದೆ, ಹೊಸಪೇಟೆ ಮೇಲೆ, 90 ದಾಟದ ಹಾಗೆ. 14.4. ನಾಲ್ಕು ಪಥದ ರಸ್ತೆಯಲ್ಲಿ ಆರನೇ ಗೇರಿನಲ್ಲಿ ಎಂಜಿನ್ ಸದ್ದೇ ಇಲ್ಲದೆ ತೇಲಿಕೊಂಡು ಹೋಗುವಾಗ ಗಾಡಿಯ ಇನ್ನೊಂದು ಮುಖ ನೋಡಿದ ಹಾಗಾಯಿತು. ಗಂಗಾವತಿಯವರೇ, ವಾಪಸ್ ಬರುವಾಗ ಕೊನೆಯ 20 ಕಿಮೀ ಸ್ವಲ್ಪ ಒತ್ತಿದೆ, ಅದೂ ಈ 14.4ರಲ್ಲೇ ಸೇರಿದೆ. ಖುಷಿ ಬಿಟ್ಟಿಲ್ಲ.

ರಾಯಚೂರು ಸರ್, ಮುಚ್ಚಳದ ಸ್ಟಿಕ್ಕರ್ ಓದಿದೆ. 95 ಆಕ್ಟೇನ್ ಕೇಳುತ್ತದೆ. ಬೆಳಗ್ಗೆ ಐದೂವರೆಗೆ ಎದ್ದು ಬಂಕಿಗೆ ಹೋಗೋದು ನಿಲ್ಲಿಸಿದ್ದೇನೆ.

ಅಪ್ಪನಿಗೆ ಎಲ್ಲ ಕೂರಿಸಿ ಹೇಳಿದೆ. ಟೈರಿನ ಲೆಕ್ಕ ಅವರಿಗೆ ತಕ್ಷಣ ಹಿಡಿಸಿತು, ಟೆಂಪೊದ ಹಳೆಯ ಟೈರ್ ಸವೆದಾಗ ಆವರೇಜ್ ಯಾಕೆ ಸ್ವಲ್ಪ ಏರಿದ ಹಾಗೆ ಕಾಣುತ್ತಿತ್ತು ಅಂತ ಅವರಿಗೆ ಈಗ ಗೊತ್ತಾಯಿತಂತೆ. ಕೆಂಪು ಪುಸ್ತಕದ ಹಿಂದಿನ ಹಾಳೆಯಿಂದ ಹೊಸ ಲೆಕ್ಕ ಶುರು ಮಾಡಿದ್ದಾರೆ, ಮೇಲೆ ನನ್ನ ಗಾಡಿಯ ನಂಬರ್ ಬರೆದು. ಕಿಮೀ ಸಾಲಿನ ಪಕ್ಕ ಇನ್ನೊಂದು ಸಾಲು ಎಳೆದು 1.037ರಿಂದ ಗುಣಿಸಿದ್ದನ್ನು ಅದರಲ್ಲಿ ಬರೆಯುತ್ತಾರೆ.

ಸರಿಯಾದ ಅಳತೆಯ ಟೈರ್ ನಾಲ್ಕು ಆರ್ಡರ್ ಮಾಡಿದ್ದೇನೆ, ಮುಂದಿನ ವಾರ ಬರುತ್ತವೆ. ಸಿಂಧನೂರಿನ ಅಣ್ಣ, ಹಾಕಿಸೋದು ನಿಮ್ಮ ಹತ್ತಿರವೇ. ಅಲೈನ್‌ಮೆಂಟ್ ಕೂಡ ಅಲ್ಲೇ ಆಗುತ್ತಾ? ಭಾನುವಾರ ಅಂಗಡಿ ತೆಗೆದಿರುತ್ತಾ ಅಂತ ಹೇಳಿ, ಅಪ್ಪನೂ ಬರುತ್ತೇನೆ ಅಂದಿದ್ದಾರೆ.